ಎಣಿಸದೆ ಉಳಿದ ಬೆಳಕು

ಅಪ್ಪನಿಗೆ ಹೊದಿಸಿದ್ದ ಬಿಳಿ ಬಟ್ಟೆಯ ಮಡಿಕೆಯೊಳಗೆ ಅತ್ತೆ ಆ ದಪ್ಪ ಕೈಗವಸುಗಳನ್ನು ತುರುಕಿದರು.

"ಬೇಡ ಅತ್ತೆ," ಎಂದಳು ಮಗಳು.

"ಇರಲಿ ಬಿಡೇ. ಇಪ್ಪತ್ತೆಂಟು ವರ್ಷ ಹೆಂಡ್ತಿ ಕೈಗಿಂತ ಹೆಚ್ಚಾಗಿ ಇದನ್ನೇ ಹಿಡ್ಕೊಂಡಿದ್ದ ನನ್ನ ತಮ್ಮ."

ಅಳುತ್ತಿದ್ದವರ ನಡುವೆ ಯಾರೋ ಕಿಸಕ್ಕೆಂದರು. ವೀಕ್ಷಣಾಲಯದ ಕಾವಲುಗಾರ ಮೂಗೊರೆಸಿಕೊಂಡ. "ಅಲ್ಲಿಗೆ ಹೋದ್ರೂ ಮೊದಲು ಕ್ಯಾಮೆರಾ ಎಲ್ಲಿ ಅಂತಾನೇ ಕೇಳ್ತಾರೆ, ನಮ್ಮ ತಂಪಣ್ಣ."

ದಿನಕ್ಕೆರಡು ಸಲ ದೂರದರ್ಶಕದ ಕ್ಯಾಮೆರಾಕ್ಕೆ ದ್ರವ ಸಾರಜನಕ ತುಂಬುತ್ತಿದ್ದವರಿಗೆ ಎಲ್ಲರೂ ಇಟ್ಟ ಹೆಸರು ಅದು.

ವೀಕ್ಷಣಾಲಯದ ಖಗೋಳವಿಜ್ಞಾನಿ ಮೇಡಂ ಮಗಳ ಪಕ್ಕ ಬಂದು ನಿಂತರು. "ನಂಗೂ ಒಂದು ಗಂಟೆ ದೂರದರ್ಶಕ ಕೊಡಿ ಮೇಡಂ, ಒಂದು ಚಿತ್ರ ತೆಗೀತೀನಿ ಅಂದಿದ್ರು ನಿಮ್ಮಪ್ಪ. ಇಷ್ಟು ವರ್ಷಕ್ಕೆ ಕೇಳಿದ್ದು ಅದೊಂದೇ. ನಿನ್ನೆ ರಾತ್ರಿ ತೆಗೆದಿದ್ದಾರೆ. ಎಣಿಸೋ ಬಟನ್ ಒತ್ತೋಕೆ ಮುಂಚೆ ಕುರ್ಚೀಲೇ... ನಾನೂ ಒತ್ತಿಲ್ಲ. ನೀನೇ ಒತ್ತಬೇಕು ಅಂತ ಹಾಗೇ ಬಿಟ್ಟು ಬಂದೆ."

*

ಅವಳು ಏಳು ವರ್ಷದವಳಿದ್ದಾಗ ಜಡೆ ಹೆಣೆಯುತ್ತ ಅಪ್ಪ ಹೇಳುತ್ತಿದ್ದ ಕತೆ ಒಂದೇ.

"ಕ್ಯಾಮೆರಾದೊಳಗೆ ಸಿಸಿಡಿ ಅಂತ ಉಗುರಗಲದ ಒಂದೂರು. ಊರ ತುಂಬ ಬಟ್ಟಲು, ಸಾಲುಸಾಲು. ನಕ್ಷತ್ರದ ಬೆಳಕು ಹನಿಹನಿಯಾಗಿ ಅದರಲ್ಲಿ ಬಿದ್ದು ಕೂರತ್ತೆ. ಆಮೇಲೆ ಒಂದು ಸಾಲು ತನ್ನ ಹನಿಗಳನ್ನ ಕೆಳಗಿನ ಸಾಲಿಗೆ ಸುರಿಯತ್ತೆ, ಅದು ಅದರ ಕೆಳಗಿನದಕ್ಕೆ. ಕಟ್ಟಕಡೇಲಿ ಕೂತೋನು ಒಂದೊಂದೇ ಬಟ್ಟಲು ಎಣಿಸಿ ಚಿತ್ರ ಬರೀತಾನೆ. ಎಣಿಸಿದ ಬಟ್ಟಲು ಖಾಲಿ. ಇನ್ನೊಂದು ಸಲ ಎಣಿಸೋ ಹಾಗಿಲ್ಲ."

"ತಂಪು ಯಾಕಪ್ಪಾ?"

"ಸೆಕೆ ಅಂತ ಒಬ್ಬ ಕಳ್ಳ ಇದಾನೆ. ವಿಚಿತ್ರ ಕಳ್ಳ. ಕದಿಯಲ್ಲ, ತುಂಬಿಸಿ ಹೋಗ್ತಾನೆ. ಯಾವ ಹನಿ ನಕ್ಷತ್ರದ್ದು, ಯಾವುದು ಅವನದು ಅಂತ ಎಣಿಸೋನಿಗೆ ಗೊತ್ತಾಗಲ್ಲ, ಪುಟ್ಟಿ."

*

"ಮೇಡಂ," ಮಗಳು ತಟ್ಟನೆ ತಿರುಗಿದಳು. "ಬೆಳಿಗ್ಗೆ ತಂಪು ಯಾರು ತುಂಬಿದ್ರು?"

ಮೇಡಂ ಕಾವಲುಗಾರನನ್ನು ನೋಡಿದರು. ಅವನು ಬಿಳಿ ಬಟ್ಟೆಯತ್ತ ನೋಡಿದ.

"ಅದು... ತಂಪಣ್ಣನೇ ಅಲ್ವಾ ತುಂಬೋದು?"

ಬಿಸಿಲು ನೆತ್ತಿ ದಾಟಿತ್ತು. ಮಗಳು ಮಡಿಕೆಯಿಂದ ಕೈಗವಸು ಎಳೆದುಕೊಂಡಳು. ಅತ್ತೆ ಅವಳ ರಟ್ಟೆ ಹಿಡಿದರು. "ಅಪ್ಪನ್ನ ಮಣ್ಣಿಗಿಳಿಸೋ ಹೊತ್ತಲ್ಲಿ ಎಲ್ಲಿಗೇ? ಮಗಳಾ ನೀನು?"

"ಅಪ್ಪ ಅಲ್ಲೂ ಒಂಚೂರು ಇದ್ದಾರೆ ಅತ್ತೆ. ಬಿಡಿ!"

ಮೇಡಂ ಅವಳನ್ನು ಜೀಪಿನಲ್ಲಿ ಗುಡ್ಡದ ಮೇಲಿನ ವೀಕ್ಷಣಾಲಯಕ್ಕೆ ಕರೆದೊಯ್ದರು.

ಗುಮ್ಮಟದೊಳಗೆ ಕ್ಯಾಮೆರಾದ ಸಾರಜನಕ ಪಾತ್ರೆಯ ಬಾಯಲ್ಲಿ ಹಿಮವಿರಲಿಲ್ಲ. ಬೆಳಿಗ್ಗೆ ಅಪ್ಪನ ಹಣೆ ಮುಟ್ಟಿದ ಅದೇ ಅಂಗೈಯನ್ನು ಅವಳು ಪಾತ್ರೆಗೆ ಒತ್ತಿದಳು. ಬೆಚ್ಚಗಿತ್ತು.

ಆದರೂ ಬಟನ್ ಒತ್ತಿದಳು. ಸಾಲಿನ ಮೇಲೆ ಸಾಲಾಗಿ ಪರದೆ ತುಂಬತೊಡಗಿತು. ಬಿಳಿ. ಮತ್ತೊಂದು ಸಾಲು. ಬಿಳಿ. ಅಂಚಿನಿಂದ ಅಂಚಿಗೆ ಬರೀ ಬಿಳಿ. ಕಳ್ಳ ಎಲ್ಲ ಬಟ್ಟಲೂ ತುಂಬಿಸಿ ಹೋಗಿದ್ದ.

"ಅದೇ ಜಾಗದ್ದು ಮತ್ತೆ ತೆಗೀಬಹುದಮ್ಮಾ," ಎಂದರು ಮೇಡಂ. "ನಾಳೇನೇ."

"ತೆಗೀಬಹುದು. ಅಪ್ಪ ತೆಗೆದಿದ್ದು ಆಗಲ್ವಲ್ಲ ಮೇಡಂ."

ಅವಳು ಕೈಗವಸು ತೊಟ್ಟಳು. ಅದರ ಬೆರಳ ತುದಿಗಳು ಖಾಲಿ ಉಳಿದವು. ಸಾರಜನಕದ ಕ್ಯಾನು ಎತ್ತಿ ಪಾತ್ರೆಯ ಬಾಯಿಗೆ ಸುರಿದಳು. ಅದು ಭುಸುಗುಟ್ಟಿ ಉಗುಳಿತು. ಮತ್ತೆ ಸುರಿದಳು.

"ಸಾಕು ಕಣಮ್ಮಾ. ಒಳಗೇನೂ ಉಳಿದಿಲ್ಲ."

ಅವಳು ನಿಲ್ಲಿಸಲಿಲ್ಲ. ಬಿಳಿ ಹೊಗೆ ಪಾತ್ರೆಯಿಂದ ಉಕ್ಕಿ ನೆಲಕ್ಕಿಳಿದು, ತೆವಳುತ್ತ ಹೋಗಿ, ಹಿಂದಕ್ಕೆ ಸರಿದೇ ಇದ್ದ ಅಪ್ಪನ ಕುರ್ಚಿಯ ಕಾಲುಗಳನ್ನು ಒಂದೊಂದಾಗಿ ಮುಚ್ಚಿತು.