ಭಂಡಾರದ ತಟ್ಟೆ

"ಹೆಬ್ಬೆಟ್ಟು ಒತ್ತೋ ಮುಂಡೇರಿಗೆ ಡಿಬೇಟು ಬೇರೆ ಕೇಡು. ಬಾಯಿ ಮುಚ್ಕಂಡು ಕುಟ್ರೇ," ಎಂದು ಕೆಂಚೇಶ್ ಶೆಡ್ಡಿನ ಬಾಗಿಲಲ್ಲಿ ನಿಂತೇ ಉಗಿದ.

ಹನ್ನೆರಡು ಹೆಂಗಸರ ಹನ್ನೆರಡು ಕೊಡತಿಗಳಲ್ಲಿ ಒಂದೂ ನಿಲ್ಲಲಿಲ್ಲ. ಬಾಯಿಗಳೂ ನಿಲ್ಲಲಿಲ್ಲ. ಬೈಗುಳಕ್ಕೆ ಹೆದರಿ ಮುಚ್ಚುವ ಬಾಯಿಗಳಾಗಿದ್ದರೆ ಆ ಶೆಡ್ಡಿನಲ್ಲಿ ಹದಿನೈದು ವರ್ಷದಿಂದ ಯಾರೂ ಮಾತೇ ಆಡುತ್ತಿರಲಿಲ್ಲ. ಒಣಗಿದ ಹುಣಸೆಹಣ್ಣನ್ನು ಕಲ್ಲಿನ ಮೇಲಿಟ್ಟು ಮರದ ಕೊಡತಿಯಲ್ಲಿ ಬಡಿಯಬೇಕು, ಬೀಜ ಬಿಡಿಸಬೇಕು, ನಾರು ಕೀಳಬೇಕು. ಹೊತ್ತು ಮೂಡಿದಾಗಿನಿಂದ ಮುಳುಗುವ ತನಕ ಅದೇ. ಒಡೆದ ಬೆರಳ ಸಂದಿಗೆ ಹುಳಿ ಇಳಿದು ಜೀವ ಚುರುಗುಟ್ಟುವಾಗ ನಾಲಿಗೆಯನ್ನಾದರೂ ಆಡಿಸದಿದ್ದರೆ ಮನುಷ್ಯ ಬದುಕುವುದು ಹೇಗೆ?

ದ್ಯಾಮಮ್ಮ ಮಾತ್ರ ತಲೆಯೆತ್ತಿ ನೋಡಿದಳು. ಕೆಂಚೇಶ್ ಅವಳ ತಂಗಿಯ ಮಗ. ಕೇರಿಯಲ್ಲಿ ಸಿಕ್ಕರೆ ದೊಡ್ಡವ್ವ ಅನ್ನುತ್ತಾನೆ. ಶೆಡ್ಡಿನ ಹೊಸ್ತಿಲು ದಾಟಿದ ಕೂಡಲೇ ಅವನ ಮೈಮೇಲೆ ಸಾವ್ಕಾರರು ಬರುತ್ತಾರೆ. ದೇವರು ಬಂದವನನ್ನು ಬೈಯುವ ಹಾಗಿಲ್ಲವಲ್ಲ, ಹಾಗೆಂದು ಅವಳು ಅವನನ್ನು ಸಹಿಸಿಕೊಂಡಿದ್ದಳು.

ಗಲಾಟೆ ಹುಟ್ಟಿದ್ದು ಹಿಂದಿನ ಸಂಜೆ. ಇದೇ ಶೆಡ್ಡಿನ ಗೋಡೆಗೆ ಬಾಗಿಲಿನಷ್ಟು ದೊಡ್ಡ ಟೀವಿ ನೇತುಹಾಕಿ, ಮಂಡಕ್ಕಿ ಮಿರ್ಚಿ ಹಂಚಿ, ಹೆಂಗಸರನ್ನು ಸಾಲಾಗಿ ಕೂರಿಸಿದ್ದರು. ಎಂಪಿ ಎಲೆಕ್ಷನ್ನಿಗೆ ನಿಂತ ಇಬ್ಬರ ಚರ್ಚೆ. ಒಬ್ಬರು ಈ ಶೆಡ್ಡಿನ ಯಜಮಾನರಾದ ಕಲ್ಲೇಶಪ್ಪ ಸಾವ್ಕಾರರು. ಹುಣಸೆ ಮಂಡಿ ಅವರದು, ಎರಡು ಪೆಟ್ರೋಲ್ ಬಂಕು ಅವರದು, ಜಗಳೂರು ರಸ್ತೆಯ ನರ್ಸಿಂಗ್ ಕಾಲೇಜೂ ಅವರದೇ. ಇನ್ನೊಬ್ಬ ಹೊನ್ನಾಳಿ ಕಡೆಯ ರವಿಕುಮಾರ, ಹೊಳೆಯ ಮರಳು ಮಾರಿ ಮೇಲೆ ಬಂದವನು. ಮರಳಿನವನು ಕಾಲೇಜಿನವನನ್ನು ಕೇಳಿದ, ನಿಮ್ಮ ಕಾಲೇಜಿನಲ್ಲಿ ಬಡವರ ಮಕ್ಕಳನ್ನು ಸುಲಿಯುತ್ತೀರಂತಲ್ಲ ಎಂದು. ಆಗ ಸಾವ್ಕಾರರು ಎದೆ ಮುಟ್ಟಿಕೊಂಡು ಹೇಳಿದರು, "ದುಡ್ಡಿಲ್ಲ ಅಂತ ನಮ್ಮ ಕಾಲೇಜಲ್ಲಿ ಒಂದೇ ಒಂದು ಹೆಣ್ಣುಮಗಳ ಪರೀಕ್ಷೆ ನಿಲ್ಲಿಸಿದ್ದು ತೋರಿಸಿ, ಇವತ್ತೇ ರಾಜಕೀಯ ಬಿಡ್ತೀನಿ."

ದ್ಯಾಮಮ್ಮನ ಬಾಯಲ್ಲಿದ್ದ ಮಂಡಕ್ಕಿ ಅಲ್ಲೇ ನಿಂತಿತ್ತು. ಅವಳ ಮಗಳು ಅಕ್ಷಿತಾ ಅದೇ ಕಾಲೇಜಿನಲ್ಲಿ ಎರಡನೇ ವರ್ಷ. ಸರ್ಕಾರದ ಸ್ಕಾಲರ್‌ಶಿಪ್ಪು ಬಂದಿಲ್ಲ, ಬಂದ ಮೇಲೆ ಹಿಡಿದುಕೊಳ್ಳಿ ಎಂದರೆ ಕಾಲೇಜು ಕೇಳುವುದಿಲ್ಲ. ನಲವತ್ತು ಸಾವಿರ ಕಟ್ಟಿದರೆ ಹಾಲ್ ಟಿಕೆಟ್ಟು, ಇಲ್ಲದಿದ್ದರೆ ಇಲ್ಲ. ಪರೀಕ್ಷೆ ನಾಳೆ ಬೆಳಿಗ್ಗೆ. ಟಿಕೆಟ್ಟು ಕೊಡುವುದು ಇವತ್ತು ಸಂಜೆ ಐದರ ತನಕ. ಅಕ್ಷಿತಾ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಕಾಲೇಜಿನ ಕಿಟಕಿಯ ಹತ್ತಿರ ನಿಂತಿದ್ದಾಳೆ.

"ನನ್ ಓಟು ಮರಳಿನೋನಿಗೇ," ಎಂದಳು ದುರುಗಕ್ಕ. ಅವಳಿಗೆ ಮೂವತ್ತು ದಾಟಿಲ್ಲ, ಮೊಬೈಲು ಸೊಂಟ ಬಿಟ್ಟು ಇಳಿದಿಲ್ಲ. "ಫೀಸು ಅರ್ಧ ಮಾಡಿಸ್ತೀನಿ ಅಂದಾನೆ."

"ಹೊಳೀನೇ ಅರ್ಧ ಮಾಡಿದ ಹಾಟ್ಗಳ್ಳ ಅವ್ನು. ಫೀಸು ಬಿಡ್ತಾನಾ?" ಎಂದಳು ಎಲ್ಲರಿಗಿಂತ ಹಿರಿಯಳಾದ ಗಾದ್ರಮ್ಮ. ಗಂಡನಿಗೆ ನಾಯಿ ಕಚ್ಚಿದಾಗ ಸಾವ್ಕಾರರು ತಮ್ಮ ಜೀಪು ಕೊಟ್ಟಿದ್ದರು, ಆ ಋಣ ಅವಳಿಗೆ. ನಾಯಿಯೂ ಸಾವ್ಕಾರರದೇ ಎಂಬುದನ್ನು ಅವಳು ಹೇಳುತ್ತಿರಲಿಲ್ಲ, ಬೇರೆಯವರು ನೆನಪಿಸುತ್ತಿದ್ದರು.

ಒಬ್ಬಳು ಇಬ್ಬರನ್ನೂ ಒಂದೇ ಕಲ್ಲಿನ ಮೇಲಿಟ್ಟು ಕುಟ್ಟಬೇಕು ಎಂದಳು. ಇನ್ನೊಬ್ಬಳು ಕುಟ್ಟಿದರೂ ಬೀಜವೇ ಬರುವುದು, ಹಣ್ಣು ಬರಲ್ಲ ಎಂದಳು. ನೋಟಾ ಒತ್ತಿದರೆ ಯಾರು ಗೆಲ್ಲುತ್ತಾರೆ ಎಂದು ಮೂಲೆಯವಳು ಕೇಳಿದ್ದಕ್ಕೆ ದುರುಗಕ್ಕ, ಆಗಲೂ ಇವರೇ ಗೆಲ್ಲುತ್ತಾರೆ, ನಮಗೆ ಸ್ವಲ್ಪ ಸಮಾಧಾನ ಅಷ್ಟೇ ಅಂದಳು. ದ್ಯಾಮಮ್ಮ ಈ ಚರ್ಚೆಗೆ ಸೇರಲಿಲ್ಲ. ಯಾರು ಡೆಲ್ಲಿಗೆ ಹೋದರೂ ಅವಳ ಮಗಳ ಟಿಕೆಟ್ಟು ಜಗಳೂರು ರಸ್ತೆಯ ಡ್ರಾಯರಿನಲ್ಲೇ ಇತ್ತು.

ಅವಳು ಕೈಯೊರೆಸಿಕೊಂಡು ಎದ್ದು ಹೋಗಿ ಕೆಂಚೇಶನನ್ನು ಬಾಗಿಲ ಆಚೆ ಹಿಡಿದಳು. "ಸಾವ್ಕಾರ್ರಿಗೆ ಒಂದ್ ಮಾತು ಹೇಳಪ್ಪ. ನಿನ್ನೆ ಟೀವಿಯಾಗೆ ಅವರೇ ಅಂದಾರಲ್ಲ."

ಕೆಂಚೇಶ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ದೊಡ್ಡವ್ವಾ, ಟೀವಿಯಾಗೆ ಅಂದಿದ್ದು ಟೀವಿಗೆ. ಎಲೆಕ್ಷನ್ ಮುಗೀಲಿ, ಕೇಳಣ."

"ಪರೀಕ್ಷಿ ನಾಳೆ ಐತೆ ಕಣೋ."

"ಮುಂದಿನ್ ವರ್ಷ ಬರೀತಾಳೆ ಬಿಡು. ನರ್ಸಮ್ಮ ಆಗಿ ಏನ್ ಡೆಲ್ಲಿ ಆಳಬೇಕೈತಾ?"

ಈ ಕೆಂಚೇಶನಿಗೆ ಕಾಮಾಲೆಯಾಗಿದ್ದಾಗ ಮೂರು ತಿಂಗಳು ತುತ್ತು ಮಾಡಿ ತಿನ್ನಿಸಿದ ಕೈ ದ್ಯಾಮಮ್ಮನದು. ಅವಳು ಒಳಗೆ ಬಂದು ಕೊಡತಿ ಹಿಡಿದಳು. ಕಲ್ಲಿನ ಮೇಲಿದ್ದ ಹುಣಸೆಹಣ್ಣು ಆ ಪೆಟ್ಟಿಗೆ ಬೀಜದ ಸಮೇತ ಪುಡಿಯಾಯಿತು.

ಹತ್ತು ನಿಮಿಷದಲ್ಲಿ ಕೆಂಚೇಶ್ ಹಿತ್ತಾಳೆ ತಟ್ಟೆ ಹಿಡಿದು ಬಂದ. ತಟ್ಟೆಯ ತುಂಬ ಭಂಡಾರ, ಉಚ್ಚಂಗೆಮ್ಮನ ಗುಡ್ಡದಿಂದಲೇ ತರಿಸಿದ ಅರಿಶಿನದ ಪುಡಿ. ಜೊತೆಗೆ ಕಟ್ಟು ಹಾಕಿಸಿದ ಅಮ್ಮನ ಫೋಟೋ. ಫೋಟೋವನ್ನು ಹುಣಸೆ ಮೂಟೆಗಳ ಮೇಲೆ ನಿಲ್ಲಿಸಿ, ತಟ್ಟೆಯನ್ನು ಮುಂದಿಟ್ಟು, ಒಬ್ಬೊಬ್ಬರೇ ಬನ್ನಿ ಎಂದ.

ಇದು ಆ ಕಡೆಯ ಕಟ್ಟಳೆ. ಹಣೆಗೆ ಭಂಡಾರ ಹಚ್ಚಿದರೆ ಆಣೆ ಆದಂತೆ. ಹಚ್ಚಿಸಿಕೊಂಡವರು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹಚ್ಚುವವರು ಹೇಳಿದ ಮಾತು ಹಚ್ಚಿಸಿಕೊಂಡವರ ತಲೆಗೆ ಕಟ್ಟಿಕೊಳ್ಳುತ್ತದೆ. ತಪ್ಪಿ ನಡೆದರೆ ಅಮ್ಮ ನೋಡಿಕೊಳ್ಳುತ್ತಾಳೆ. ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಗಾದ್ರಮ್ಮ ಸಾವ್ಕಾರರ ಕಡೆಯವನಿಗೇ ಓಟು ಎಂದು ಹೀಗೇ ಭಂಡಾರ ಹಚ್ಚಿಸಿಕೊಂಡು, ಆಮೇಲೆ ಸೆರಗಿನಲ್ಲಿ ಒರೆಸಿ, ಬೇರೆಯವರಿಗೆ ಓಟು ಒತ್ತಿ ಬಂದಿದ್ದಳು. ಮೂರನೇ ದಿನ ಅವಳ ಹಾಲು ಕರೆಯುವ ಆಡು ಕಾಲು ನೀಡಿಕೊಂಡು ಸತ್ತಿತು. ಅದು ಯೂರಿಯಾ ಚೀಲ ನೆಕ್ಕಿತ್ತು ಎಂದು ದನದ ಡಾಕ್ಟರು ಹೇಳಿದರೂ ಕೇರಿ ಒಪ್ಪಿರಲಿಲ್ಲ. ಓಟಿನ ದುಡ್ಡಿಗಿಂತ ಒಂದು ಆಡಿನ ಹೆಣ ಸಾವ್ಕಾರರಿಗೆ ಹೆಚ್ಚು ಕೆಲಸ ಮಾಡಿಕೊಟ್ಟಿತ್ತು.

ಕೆಂಚೇಶ್ ಇನ್ನೂ ಒಬ್ಬರ ಹಣೆಗೂ ಹಚ್ಚಿರಲಿಲ್ಲ, ಹೊರಗೆ ಕಾರಿನ ಹಾರನ್ ಕೇಳಿತು. ಅವನು ತಟ್ಟೆ ಅಲ್ಲೇ ಬಿಟ್ಟು ಓಡಿದ. ಸಾವ್ಕಾರರು ನ್ಯಾಮತಿ, ಚನ್ನಗಿರಿ ಮುಗಿಸಿ ಈಗ ಜಗಳೂರಿನ ಸಭೆಗೆ ಹೊರಟಿದ್ದರು. ದಾರಿಯಲ್ಲಿ ಶೆಡ್ಡು. ಹಿಂದೆಯೇ ಆ ಚರ್ಚೆ ತೋರಿಸಿದ ಚಾನೆಲ್ಲಿನವನು ಕ್ಯಾಮರಾ ಹೊತ್ತು ಇಳಿದ.

"ಕೂಲಿ ತಾಯಂದಿರ ಜೊತೆ ಅಭ್ಯರ್ಥಿ. ಸರ್, ಲೈವ್ ಹೋಗ್ತಾ ಐತೆ," ಎಂದ.

ಲೈವ್ ಎಂದ ಕೂಡಲೇ ಸಾವ್ಕಾರರ ಕೈಗಳು ತಾವೇ ಮುಗಿದುಕೊಂಡವು. ಮುಖದಲ್ಲಿ ನಗು ಬಂತು. ಹದಿನೈದು ವರ್ಷದಲ್ಲಿ ಅವರು ಈ ಶೆಡ್ಡಿನೊಳಗೆ ಮೂರು ಅಡಿ ಬಂದವರಲ್ಲ. ಈ ಹೆಂಗಸರು ಹಾರ ಹಾಕಬೇಕಾದರೆ ಹಾರ ಕೆಂಚೇಶನ ಕೈಗೆ ಹೋಗಬೇಕು, ಅವನು ಡ್ರೈವರಿಗೆ ಕೊಡಬೇಕು, ಡ್ರೈವರ್ ಕೊರಳಿಗೆ ಹಾಕಬೇಕು. ಕುಡಿಯುವ ನೀರನ್ನೂ ಕೆಂಚೇಶ್ ಮೇಲಿನಿಂದ ಸುರಿಯುತ್ತಾನೆ, ಬೊಗಸೆ ಒಡ್ಡಿ ಕುಡಿಯಬೇಕು. ಅವನ ಬೊಗಸೆಗೆ ಡ್ರೈವರ್ ಸುರಿಯುತ್ತಾನೆ. ಅಂಥ ಸಾವ್ಕಾರರು ಇವತ್ತು ನೇರ ಮೂಟೆಗಳ ತನಕ ಬಂದರು. ಕ್ಯಾಮರಾ ಫೋಟೋದ ಕಡೆ ತಿರುಗಿದ್ದನ್ನು ನೋಡಿ, ಕಣ್ಣು ಮುಚ್ಚಿ, ಅಮ್ಮನಿಗೆ ತಲೆ ಬಾಗಿಸಿ ನಿಂತರು.

ದ್ಯಾಮಮ್ಮ ಫೋಟೋದ ಪಕ್ಕದಲ್ಲೇ ಇದ್ದಳು. ಮುಂದೆ ತಟ್ಟೆ, ತಟ್ಟೆಯ ಮುಂದೆ ಬಾಗಿದ ಬಿಳಿ ತಲೆ. ಹೇಗೆ ಮಾಡಿದಳೋ ಅವಳಿಗೂ ಗೊತ್ತಿಲ್ಲ. ನಾಳೆಯಿಂದ ಕೂಲಿ ಇಲ್ಲ ಎಂಬುದು ಮನಸ್ಸಿಗೆ ಬಂದು ಹೋಯಿತು. ಹುಳಿ ಅಂಟಿದ ಐದೂ ಬೆರಳನ್ನು ಭಂಡಾರದಲ್ಲಿ ಅದ್ದಿ ಸಾವ್ಕಾರರ ಹಣೆಯ ಮೇಲೆ ಈ ಕಿವಿಯಿಂದ ಆ ಕಿವಿಯ ತನಕ ಎಳೆದಳು.

ಸಾವ್ಕಾರರು ಕಣ್ಣು ತೆರೆದರು.

"ದುಡ್ಡಿಲ್ಲ ಅಂತ ಯಾವ್ ಹೆಣ್ಣುಹುಡುಗಿ ಪರೀಕ್ಷಿನೂ ನಿಲ್ಸಲ್ಲ ಅಂತ ನಿನ್ನೆ ಟೀವಿಯಾಗೆ ಅಂದ್ರಲ್ಲ ಸಾವ್ಕಾರ್ರೇ," ಎಂದಳು ದ್ಯಾಮಮ್ಮ. "ಆ ಮಾತಿಗೆ ಉಚ್ಚಂಗೆಮ್ಮನ ಆಣೆ ಆತು. ನನ್ ಮಗಳು ಅಕ್ಷಿತಾ ಬೆಳಗಿಂದ ನಿಮ್ ಕಾಲೇಜಿನ ಕಿಟಕಿ ತಾವ ನಿಂತಾಳೆ. ಟಿಕೆಟ್ ಕೊಡ್ಸಿರಿ."

ಕೊಡತಿಗಳು ಮೊದಲ ಸಲ ನಿಂತವು. ಮುಟ್ಟಿದ್ದಳು. ಕೇರಿಯ ಹೆಂಗಸು ಸಾವ್ಕಾರರ ಹಣೆ ಮುಟ್ಟಿದ್ದಳು, ಅದೂ ಇಡೀ ಜಿಲ್ಲೆ ನೋಡುತ್ತಿರುವಾಗ. ಸಾವ್ಕಾರರ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ಅವಳನ್ನು ಅಲ್ಲೇ ಹೂತುಹಾಕುತ್ತಿತ್ತು. ಅವರ ಕೈ ಕರ್ಚೀಫಿಗಾಗಿ ಜೇಬಿಗೆ ಇಳಿಯಿತು.

"ಒರೆಸ್ಬ್ಯಾಡ್ರಿ ಸಾವ್ಕಾರ್ರೇ," ಎಂದಳು ಗಾದ್ರಮ್ಮ ಕಳವಳದಿಂದ. "ನನ್ ಆಡು ಹಂಗೇ ಸತ್ತಿದ್ದು."

ಅವಳು ತಮಾಷೆಗೆ ಹೇಳಿದ್ದಲ್ಲ, ನಿಜವಾಗಿಯೂ ಅವರ ಒಳ್ಳೆಯದಕ್ಕೇ ಹೇಳಿದಳು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಶೆಡ್ಡು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿತು. ಚಾನೆಲ್ಲಿನವನಿಗೂ ತಡೆಯಲಾಗದೆ ಕ್ಯಾಮರಾ ಅಲುಗಾಡಿತು. ಸಾವ್ಕಾರರ ಕೈ ಜೇಬಿನಿಂದ ಬರಿದಾಗಿಯೇ ಹೊರಬಂತು.

"ಆಗ್ಲಮ್ಮ, ಕೊಡ್ತಾರೆ, ಹೋಗಿ," ಎಂದು ಕ್ಯಾಮರಾಕ್ಕೆ ಹೇಳಿ ಕಾರು ಹತ್ತಿದರು. ಕಾರು ತಿರುವು ದಾಟುವ ಮೊದಲೇ ಒರೆಸಿಕೊಂಡಿರುತ್ತಾರೆ, ಮನೆಗೆ ಹೋಗಿ ಎರಡು ಸಲ ಸ್ನಾನ ಮಾಡುತ್ತಾರೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಹೆಂಗಸರನ್ನು ಸಭೆಗೆ ಒಯ್ಯಲು ಟೆಂಪೋ ಕಾದಿತ್ತು. ದ್ಯಾಮಮ್ಮ ತಟ್ಟೆ ಎತ್ತಿಕೊಂಡು ಹತ್ತಿದಳು. ಉಳಿದವರು ಕೊಡತಿಗಳನ್ನು ಕೆಳಗಿಡಲು ಮರೆತೋ ಬೇಕೆಂದೋ ಕೈಯಲ್ಲಿ ಹಿಡಿದೇ ಹತ್ತಿದರು. ದ್ಯಾಮಮ್ಮ ಕಾಲೇಜಿನ ಮುಂದೆ ನಿಲ್ಲಿಸಪ್ಪ ಎಂದು ಡ್ರೈವರಿಗೆ ಹೇಳಿದಾಗ ಕೆಂಚೇಶ್ ಟೆಂಪೋದ ಹಿಂಬಾಗಿಲು ಹಿಡಿದು ನಿಂತ.

"ನನ್ ಹೊಟ್ಟೆ ಮ್ಯಾಲೆ ಹೊಡೀಬ್ಯಾಡ ದೊಡ್ಡವ್ವಾ."

"ಆ ಹೊಟ್ಟಿ ತುಂಬ್ಸಿದೋಳು ನಾನೇ ಕಣೋ. ಕೈ ತೆಗಿ."

ಅವನು ತೆಗೆದ.

ಕಾಲೇಜಿನ ಕಿಟಕಿಗೆ ಮುಟ್ಟಿದಾಗ ನಾಲ್ಕೂವರೆ. ಅಕ್ಷಿತಾಳ ಜೊತೆ ಇನ್ನೂ ಒಂಬತ್ತು ಹುಡುಗಿಯರು ಗೋಡೆಗೊರಗಿ ನಿಂತಿದ್ದರು. ಎಲ್ಲ ಇಂಥವೇ ಮನೆಗಳವರು, ಎಲ್ಲರದೂ ಅದೇ ಬಾಕಿ. ಗುಮಾಸ್ತ ಮೊದಲು ಗದರಿದ. ದುರುಗಕ್ಕ ಚಾನೆಲ್ಲಿನ ಲೈವ್ ವಿಡಿಯೋವನ್ನು ಮೊಬೈಲಿನಲ್ಲಿ ಎರಡು ಸಲ ಓಡಿಸಿ ಸಾವ್ಕಾರರ ಹಳದಿ ಹಣೆ ತೋರಿಸಿದಳು. ಅವನು ಡ್ರಾಯರ್ ಒಂದು ಬೆರಳಷ್ಟು ಎಳೆದು, ಒಂದು ಕಾಗದ ಹೊರತೆಗೆದ. ಅದರ ಮೇಲೆ ಅಕ್ಷಿತಾಳ ಫೋಟೋ ಇತ್ತು.

"ನಿಮ್ಮ ಹುಡುಗಿದು ತಗೊಂಡು ಸುಮ್ನೆ ಹೋಗ್ರಿ. ಇಲ್ಲಿ ಹೆಬ್ಬೆಟ್ಟು ಒತ್ರಿ."

ದ್ಯಾಮಮ್ಮನ ಕೈ ಕಾಗದದ ಕಡೆ ಹೋಯಿತು. ಎರಡು ವರ್ಷದ ಉಸಿರು ಆ ಕಾಗದದಲ್ಲಿತ್ತು. ತೆಗೆದುಕೊಂಡು ಓಡಿಬಿಡಬೇಕು ಎನ್ನಿಸಿದ್ದು ಸುಳ್ಳಲ್ಲ. ಹಿಂದಿನಿಂದ ಅಕ್ಷಿತಾ ಮೆಲ್ಲಗೆ, "ಅವ್ವಾ, ಇವರದೂ ಐತೆ," ಎಂದಳು.

ದ್ಯಾಮಮ್ಮ ಕೈ ಹಿಂದಕ್ಕೆಳೆದು ಭಂಡಾರದ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಗುಮಾಸ್ತ ಕುರ್ಚಿಯ ಸಮೇತ ಹಿಂದೆ ಸರಿದ.

"ಹೆಬ್ಬೆಟ್ಟು ಹತ್ತು ಸಲ ಒತ್ತತೀನಿ," ಎಂದಳು. "ಹತ್ತೂ ತೆಗಿ."

ಹೆಂಗಸರು ಕಿಟಕಿಯ ಕೆಳಗೆ ಸಾಲಾಗಿ ಕೂತರು. ಕೂತ ಮೇಲೆ ಸುಮ್ಮನಿರಲು ಬಾರದ ಕೈಗಳು ಅವು. ಒಂದು ಕೊಡತಿ ನೆಲದ ಟೈಲ್ಸಿನ ಮೇಲೆ ಬಿತ್ತು, ಆಮೇಲೆ ಇನ್ನೊಂದು. ಒಳಗೆ ಮೇಜಿನ ಮೇಲೆ ಗುಮಾಸ್ತನ ಫೋನು ನಡುಗತೊಡಗಿತು. ಪರದೆಯ ಮೇಲೆ ಸಾವ್ಕಾರರ ಮುಖ, ಹಣೆಗೆ ಏನೂ ಇಲ್ಲದ ಹಳೆಯ ಫೋಟೋ. ಟಿಕೆಟ್ಟು ಕೊಡಬೇಡ ಎನ್ನಲೇ ಈ ಫೋನು ಎಂದು ಅವನಿಗೆ ಗೊತ್ತಿತ್ತು. ಅವನು ಫೋನ್ ಎತ್ತಲಿಲ್ಲ, ಡ್ರಾಯರನ್ನೂ ಮುಚ್ಚಲಿಲ್ಲ. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ ಇತ್ತು, ಮೂರನೆಯ ಟೈಲ್ಸು ಬಿರುಕು ಬಿಟ್ಟಿತು.