ನಾದಿನಿಯ ಹೆಸರು ಅಳಿಸಿದ್ದು

ಮೂಡಲಗಿಯ ದುಂಡವ್ವನಿಗೆ ಹ್ಯಾಶ್‌ಟ್ಯಾಗ್ ಎಂದರೆ ಲಗ್ನಪತ್ರಿಕೆ ಇದ್ದ ಹಾಗೆ. ಮನೆಯಲ್ಲಿ ನೇಯ್ದ ಕಂಬಳಿಗಳ ಫೋಟೊವನ್ನು ಸೊಸೆ ಶೈಲಾ ಇನ್‌ಸ್ಟಾಗ್ರಾಮಿಗೆ ಹಾಕುವಾಗಲೆಲ್ಲ, ಯಾರೂ ಮುನಿಸಿಕೊಳ್ಳಬಾರದೆಂದು ಬೀಗರು ನೆಂಟರ ಹೆಸರನ್ನೆಲ್ಲ ಅದರ ಕೆಳಗೆ ಹಾಕಿಸುತ್ತಿದ್ದಳು. ಕಂಬಳಿ ಕೇಳಿಕೊಂಡು ಮಾತ್ರ ಒಬ್ಬರೂ ಬರಲಿಲ್ಲ.

“ಅತ್ತಿ, ಲಗಮವ್ವ ಅಂತ ಹುಡುಕಿ ಕಂಬಳಿ ಯಾರ್ ತಗೋತಾರ್ರಿ?” ಎಂದು ಶೈಲಾ ಕೊನೆಗೆ ಹೆಸರುಗಳನ್ನೆಲ್ಲ ಅಳಿಸಿ, #ಮದುವೆಕಂಬಳಿ #ಗೋಕಾಕ #ಹುಕ್ಕೇರಿ ಎಂದಷ್ಟೇ ಹಾಕಿದಳು.

“ನನ್ನ ನಾದಿನಿ ಲಗಮವ್ವ ಸುಮ್ನ ಬಿಡತಾಳೇನ? ಇನ್ನ ನಮ್ಮ ಮನಿ ಹೊಸ್ತಿಲಾ ತುಳಿಯಂಗಿಲ್ಲ ನೋಡ!” ದುಂಡವ್ವನಿಗೆ ಅಂದು ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆಯೇ ಅಂಕಲಗಿಯಿಂದ ಲಗಮವ್ವನ ಫೋನು ಬಂತು. ದುಂಡವ್ವ ಅಳುಕುತ್ತಲೇ ಎತ್ತಿದಳು.

“ವೈನಿ, ನನ್ನ ಹೆಸರು ತಗದೀರೇನ್ರಿ?”

“ಅದು… ಸೊಸಿ ತಗದಾಳವ್ವ…”

“ಪುಣ್ಯಾ ಬರ್ಲಿ ಆಕಿಗೆ! ನನ್ನ ಹೆಸರು ಒತ್ತಿದ್ರ ಬರೇ ಕಂಬಳಿ ಬರತಾವಂತ ನಮ್ಮ ಹತ್ತರಗಿ ಬೀಗರು ನಕ್ಕಿದ್ದ ನಕ್ಕಿದ್ದು. ಈಗ ಅವರೇ ಮದುವಿ ಕಂಬಳಿ ಅಂತ ಹುಡುಕಿದ್ರ ನಿಮ್ಮದ ಮೊದಲ ಬಂತಂತ. ಹಂದರದಾಗ ಹಾಸಾಕ ನಾಕು ಬೇಕಂತ್ರಿ, ಲಗೂನ ಕಳಸ್ರಿ.”

ದುಂಡವ್ವ ಫೋನು ಇಟ್ಟು, “ಶೈಲಾ, ಮೊದಲ ಎರಡು ರೊಟ್ಟಿ ಹಾಕವಾ, ಹಸಿವಿ ಆಗೇತಿ,” ಎಂದಳು.