ಬಿಡಿಸಿಕೊಳ್ಳುವ ಪಟ್ಟು

ಮೊಣಕಾಲು ಮಡಚುತ್ತಿರಲಿಲ್ಲ. ಕೊಟ್ರಯ್ಯ ಹೆಂಡತಿಯ ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಗರಡಿಯಲ್ಲಿ ಎಂಥೆಂಥ ಪೈಲ್ವಾನರ ಕಾಲು ತಿರುವಿ ಕೆಡವಿದ ಕೈಗೆ ಈ ಸಣ್ಣ ಕಾಲು ಬಗ್ಗುತ್ತಿರಲಿಲ್ಲ. ಪದ್ಮಾಸನದಲ್ಲಿ ಕೂರಿಸದೆ ವಿಭೂತಿ ಹಚ್ಚುವಂತಿಲ್ಲ, ಹೆಣ ಹೊರುವ ವಿಮಾನಕ್ಕೆ ಏರಿಸುವಂತಿಲ್ಲ. ಇನ್ನೂ ಜೋರಾಗಿ ಒತ್ತಲು ಅವನಿಗೆ ಮನಸ್ಸು ಬರಲಿಲ್ಲ.

“ನೀವು ಹೊರಗ ಕುಂದ್ರಿ ವಸ್ತಾದ್ರ. ನಾವು ನೋಡ್ಕಂತೀವಿ,” ಎಂದಳು ದ್ಯಾಮಕ್ಕ. ಅದೇ ಓಣಿಯಲ್ಲಿ ತರಕಾರಿ ಮಾರುವವಳು.

ನಾಲ್ಕಾರು ಹೆಂಗಸರು ಒಳಗೆ ಬಂದು ಬಿಸಿನೀರಿನ ಬಟ್ಟೆಯಿಂದ ನೀಲಗಂಗಮ್ಮನ ಮೊಣಕಾಲು, ಸೊಂಟ ತಿಕ್ಕತೊಡಗಿದರು. ಕೊಟ್ರಯ್ಯ ಬಾಗಿಲ ಬಳಿ ತಿರುಗಿ ನೋಡಿದ. ತಾನು ಎಂದೂ ನೋಡಿರದ ಒಬ್ಬ ಹುಡುಗಿ ಹಿಂದಿನಿಂದ ಕುಕ್ಕರಗಾಲಲ್ಲಿ ಕೂತು, ಸತ್ತವಳ ಕಂಕುಳಲ್ಲಿ ಕೈ ತೂರಿಸಿ, ಎದೆಯ ಮೇಲೆ ತನ್ನ ಮಣಿಕಟ್ಟನ್ನು ತಾನೇ ಹಿಡಿದು, ಬೆನ್ನು ಬಗ್ಗಿಸದೆ ಒಂದೇ ಉಸಿರಿಗೆ ಎತ್ತಿ ಗೋಡೆಗೆ ಒರಗಿಸಿದಳು. ಗರಡಿಯ ಹುಡುಗರಿಗೆ ತಿಂಗಳುಗಟ್ಟಲೆ ಹೇಳಿದರೂ ಬಾರದ ಎತ್ತುವ ಪಟ್ಟು ಅದು. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿರಬೇಕು ಅಂದುಕೊಂಡು ಅವನು ಹೊರಗೆ ಬಂದ.

ಚಿತ್ತವಾಡ್ಗಿಯ ಆ ಸಂದಿಯಲ್ಲಿ ಅವನ ಮನೆ, ಮನೆಗೆ ಅಂಟಿಕೊಂಡೇ ಅವನು ಕುಸ್ತಿ ಕಲಿಸುವ ಗರಡಿ. ನಡುವೆ ಒಂದೇ ಗೋಡೆ, ಆ ಗೋಡೆಯಲ್ಲಿ ಅಡಿಗೆಮನೆಯ ಕಿಟಕಿ. ಈ ದಿನವೂ ನಸುಕಿನಲ್ಲಿ ಎದ್ದು, ದೀಪ ಹಾಕದೆ ಲಂಗೋಟಿ ಹುಡುಕಿಕೊಂಡು ಗರಡಿಗೆ ಹೋಗಿದ್ದ. ಬಂದ ಮೂವರು ಹುಡುಗರಿಗೆ ಸಾಮು ಮಾಡಿಸಿ ಮರಳಿದಾಗ ಒಲೆ ಹೊತ್ತಿರಲಿಲ್ಲ. ಚಹಾ ಎಲ್ಲಿ ಎಂದು ಎರಡು ಸಲ ಕೂಗಿದ. ಹೋಗಿ ಮುಟ್ಟಿದಾಗಲೇ ತಿಳಿದದ್ದು. ನಡುರಾತ್ರಿಯೇ ಹೋಗಿರಬೇಕು ಎಂದು ಡಾಕ್ಟರು ಹೇಳಿದರು. ಹಾಗಾದರೆ ಕತ್ತಲಲ್ಲಿ ಅವನು ಹೆಂಡತಿಯ ಹೆಣ ದಾಟಿ ಹೊರಗೆ ಹೋಗಿದ್ದ.

ಕಟ್ಟೆಯ ಮೇಲೆ ಕೂತು ಓಣಿಯ ತುದಿ ನೋಡತೊಡಗಿದ. ಹಳೆಯ ಶಿಷ್ಯ ಹಂಪೇಶ್ ಸಂಡೂರಿನಿಂದ ಬಂದು ಬಿದಿರು, ಬಾಳೆಕಂಬ, ಚೆಂಡುಹೂ ತರಿಸಿ ವಿಮಾನ ಕಟ್ಟಿಸುತ್ತಿದ್ದ. ಅವನೇ ಎಲ್ಲರಿಗೂ ಫೋನು ಮಾಡಿದ್ದ. ಬರುತ್ತೇವೆ ಅಂದವರು ಭಾಳ ಮಂದಿ, ಬಂದವರು ಐದಾರು ಜನ. ಕಂಪ್ಲಿಯಿಂದ ಒಬ್ಬ ಹಾರ ಕಳಿಸಿ ಕೈತೊಳೆದುಕೊಂಡಿದ್ದ. ಹೊಸಪೇಟೆಯ ಹುಡುಗರಿಗೆ ಈಗ ಕನ್ನಡಿ ಇರುವ ಜಿಮ್ಮು ಬೇಕು, ಮಣ್ಣು ಬೇಡ. ಅದು ಅವನಿಗೆ ಗೊತ್ತಿದ್ದದ್ದೇ. ಆದರೂ ಈ ದಿನವಾದರೂ ಓಣಿ ತುಂಬೀತು ಎಂದು ಕಾದಿದ್ದ.

ಓಣಿ ತುಂಬಿತು. ತುಂಬಿಸಿದವರು ಹೆಂಗಸರು. ಇಬ್ಬರು, ಮೂವರಾಗಿ ಬಂದರು. ಬುಕ್ಕಸಾಗರದ ಕಡೆಯಿಂದ ನಾಟಿ ಮಾಡುತ್ತಿದ್ದವರು ಹಾಗೇ ಸೀರೆ ಎತ್ತಿಕಟ್ಟಿಕೊಂಡು ಟಂಟಂ ಆಟೋದಲ್ಲಿ ಬಂದಿಳಿದರು. ಬೀಡಿ ಕಟ್ಟುವ ಸಾಬರ ಹೆಂಗಸರು ಬಂದರು. ಹೋಟೆಲಿನ ಸಮವಸ್ತ್ರದಲ್ಲೇ ನಡುವಯಸ್ಸಿನ ಒಬ್ಬಳು ಬಂದಳು. ಅವರು ಎದೆ ಬಡಿದುಕೊಂಡು ಅಳಲಿಲ್ಲ. ಒಳಗೆ ಹೋಗಿ ನೀಲಗಂಗಮ್ಮನ ಕಾಲು ಮುಟ್ಟಿ, ಹೊರಬಂದು ಗೋಡೆಗುಂಟ ನಿಂತರು.

ಇವರೆಲ್ಲ ಅಮ್ಮನ ಕಡೆಯವರೇ ಎಂದು ಹಂಪೇಶ್ ಕೇಳಿದ. ಇರಬೇಕು, ಅವಳ ತವರು ಗಾದಿಗನೂರಿನವರು ಎಂದ ಕೊಟ್ರಯ್ಯ. ಪಕ್ಕದಲ್ಲಿ ಕೂತಿದ್ದ ನೀಲಗಂಗಮ್ಮನ ತಮ್ಮ ಎರ್ರಿಯಪ್ಪ ತಲೆಯಾಡಿಸಿದ.

“ನಮ್ಮೂರವರಲ್ಲ ಮಾವ. ನಿಮ್ಮ ಕಡೇರು ಅನ್ಕಂಡಿದ್ದೆ ನಾನು.”

ಮಧ್ಯಾಹ್ನ ವಿಮಾನ ಎತ್ತುವ ಹೊತ್ತಿಗೆ ದ್ಯಾಮಕ್ಕ ಮುಂದೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಕಾಲುವೆಯ ಸೇತುವೆವರೆಗೆ ತಾವು ಹೆಗಲು ಕೊಡುತ್ತೇವೆ ಎಂದಳು. ಹಂಪೇಶ್ ಮುಖ ಕಿವಿಚಿದ. ನಮ್ಮಲ್ಲಿ ಆ ಪದ್ಧತಿ ಇಲ್ಲ, ಗರಡಿ ಮನೆಯ ಹೆಣ, ಗರಡಿಯವರೇ ಹೊರಬೇಕು ಎಂದ. ದ್ಯಾಮಕ್ಕ ಅವನ ಕಡೆ ನೋಡಲಿಲ್ಲ. ಕೊಟ್ರಯ್ಯನನ್ನೇ ನೋಡಿದಳು.

“ಯಾಕ?” ಎಂದ ಅವನು.

“ಅಕ್ಕ ನಮಗ ಕಲಿಸ್ಯಾಳ್ರಿ.”

“ಏನು ಕಲಿಸ್ಯಾಳ?”

“ಬಿಡಿಸ್ಕಣಾದು.”

*

ದ್ಯಾಮಕ್ಕನ ಗಂಡ ಆಗಿನ್ನೂ ಬದುಕಿದ್ದ. ಒಂದು ದಿನ ಬದನೆಕಾಯಿ ಕೊಡಲು ಬಂದ ಅವಳು ಸೆಕೆಯಲ್ಲೂ ಕುತ್ತಿಗೆಗೆ ಸೆರಗು ಸುತ್ತಿಕೊಂಡಿದ್ದಳು. ನೀಲಗಂಗಮ್ಮ ಸೆರಗು ಸರಿಸಿದಳು. ಎರಡೂ ಬದಿಯಲ್ಲಿ ಬೆರಳ ಗುರುತು. ಅಯ್ಯೋ ಅನ್ನಲಿಲ್ಲ, ಯಾಕೆ ಎಂದು ಕೇಳಲಿಲ್ಲ. ಗರಡಿಯ ಮಣ್ಣಿಗೆ ಕಲಸಲು ಇಟ್ಟಿದ್ದ ಅರಿಷಿಣ, ಎಣ್ಣೆ ತಂದು ಹಚ್ಚಿದಳು. ಕೈ ಒರೆಸಿಕೊಂಡು ಎದುರು ನಿಂತಳು.

“ಹೆಂಗ ಹಿಡಿದ? ಮುಂದಿಂದನೋ ಹಿಂದಿಂದನೋ? ನನ್ನ ಕುತ್ತಿಗಿ ಹಿಡಿದು ತೋರ್ಸು.”

ದ್ಯಾಮಕ್ಕ ಹೆದರಿದಳು. ಕೊನೆಗೆ ಹಿಡಿದಳು. ನೀಲಗಂಗಮ್ಮ ಗದ್ದ ಎದೆಗೆ ಒತ್ತಿ, ಒಂದು ಭುಜ ಮೇಲೆತ್ತಿ ಸುಮ್ಮನೆ ತಿರುಗಿದಳು. ದ್ಯಾಮಕ್ಕನ ಎರಡೂ ಕೈ ಗಾಳಿಯಲ್ಲಿ ಉಳಿದವು.

ಇದನ್ನು ನೀಲಗಂಗಮ್ಮನಿಗೆ ಯಾರೂ ಕಲಿಸಿರಲಿಲ್ಲ. ವರ್ಷಾನುಗಟ್ಟಲೆ ರೊಟ್ಟಿ ಬಡಿಯುತ್ತ ಕಿಟಕಿಯಿಂದ ನೋಡಿದ್ದಳು. ಹಿಡಿದದ್ದನ್ನು ಬಿಡಬೇಡ ಎನ್ನುವುದು ಕೊಟ್ರಯ್ಯ ಹುಡುಗರಿಗೆ ಹೇಳುತ್ತಿದ್ದ ಮೊದಲ ಮಾತು, ಕೊನೆಯ ಮಾತೂ ಅದೇ. ಗೋಡೆಯ ಈಚೆಗೆ ಅವಳು ನೋಡುತ್ತಿದ್ದುದು ಹಿಡಿದವನನ್ನಲ್ಲ, ಸಿಕ್ಕಿಬಿದ್ದವನನ್ನು. ಅವನ ಹಿಮ್ಮಡಿ ಎಲ್ಲಿದೆ, ಉಸಿರು ಎಲ್ಲಿ ಕಟ್ಟಿದೆ, ಯಾವ ಕಡೆ ಜಾಗ ಉಳಿದಿದೆ ಅನ್ನುವುದನ್ನು.

ಮುಂದಿನ ವಾರ ದ್ಯಾಮಕ್ಕ ಮತ್ತೊಬ್ಬಳನ್ನು ಕರೆತಂದಳು. ಆಮೇಲೆ ಅವರವರೇ ಬಂದರು. ಕೊಟ್ರಯ್ಯ ಅಕ್ಕಿ ಗಿರಣಿಯ ಗೇಟಿನಲ್ಲಿ ಕಾವಲಿಗೆ ಕೂತಿರುತ್ತಿದ್ದ ಮಧ್ಯಾಹ್ನಗಳಲ್ಲಿ ಹಿತ್ತಲ ಬೇವಿನ ಕೆಳಗೆ ಅವರು ಕೂಡುತ್ತಿದ್ದರು. ಹಪ್ಪಳ ಮಾಡಲು ಹೋಗುತ್ತೇವೆಂದು ಮನೆಯಲ್ಲಿ ಹೇಳಿ ಬರುತ್ತಿದ್ದರು. ನೀಲಗಂಗಮ್ಮ ಹೊಡೆಯುವುದನ್ನು ಕಲಿಸಲಿಲ್ಲ. ಒಬ್ಬಳು ಹಟ ಹಿಡಿದಾಗ ಹೇಳಿದ್ದಳು:

“ಕೆಡವಿ ಏನ್ ಮಾಡ್ತಿ? ಅವ ಮತ್ತ ಏಳ್ತಾನ. ಆಗ ನೀನೂ ಅಲ್ಲೇ ಇರ್ತಿ.”

*

ದ್ಯಾಮಕ್ಕ ಇಷ್ಟನ್ನೂ ಹೇಳಲಿಲ್ಲ. ಹೇಳಿದಷ್ಟಕ್ಕೇ ಗರಡಿಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊಟ್ರಯ್ಯ ವಿಮಾನದಲ್ಲಿ ಕೂತ ಹೆಂಡತಿಯನ್ನು ನೋಡಿದ. ವಿಭೂತಿ ಬಳಿದ ಮುಖ ಯಾರದೋ ಅನ್ನಿಸಿತು. ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಇಲ್ಲ ಅಂದಿದ್ದರೆ ಅವರು ಸರಿದು ನಿಲ್ಲುತ್ತಿದ್ದರು.

“ಕೊಡ್ಲಿ ಬಿಡು ಹಂಪೇಶ,” ಎಂದ.

ಹೆಂಗಸರು ಎತ್ತಿದರು. ಭಜನೆಯವರ ತಾಳದ ಹಿಂದೆ ವಿಮಾನ ಓಣಿ ದಾಟಿತು. ಹೆಗಲು ಬದಲಾಯಿಸುವಾಗಲೂ ಅದು ಅಲುಗಲಿಲ್ಲ. ಕೊಟ್ರಯ್ಯ ಹಿಂದೆ ನಡೆದ. ಎರ್ರಿಯಪ್ಪ ಅವನ ರಟ್ಟೆ ಹಿಡಿದುಕೊಂಡಿದ್ದ.

*

ಮದುವೆಯಾದ ಹೊಸತು. ಗರಡಿಯ ಬಾಗಿಲ ಹೊರಗೆ ನಿಂತು ನೀಲಗಂಗಮ್ಮ ಮಜ್ಜಿಗೆ ಕೊಟ್ಟಳು. ಅವನು ಕುಡಿದು ಮುಗಿಸುವವರೆಗೂ ಒಳಗಿನ ಕೆಂಪು ಮಣ್ಣನ್ನೇ ನೋಡುತ್ತಿದ್ದಳು.

“ನನಗೂ ಒಂದ್ ಪಟ್ಟು ಹೇಳಿಕೊಡ್ರಿ,” ಅಂದಳು.

ಕೊಟ್ರಯ್ಯನಿಗೆ ನಗು ಬಂತು. ಹೀಯಾಳಿಸುವ ನಗುವಲ್ಲ. ಅವಳ ಮೇಲೆ ಪ್ರೀತಿ ಉಕ್ಕಿಯೇ ನಕ್ಕಿದ್ದ. ಹೆಣ್ಣುಮಕ್ಕಳು ಈ ಮಣ್ಣು ಮುಟ್ಟಬಾರದು, ನಮ್ಮ ಗುರುಗಳ ಕಟ್ಟಪ್ಪಣೆ ಎಂದ. ಆಮೇಲೆ ಸಮಾಧಾನಕ್ಕೆಂದು ಹೇಳಿದ:

“ನಾ ಇರಾಗ ನಿನ್ನ ಮೈ ಯಾರು ಮುಟ್ತಾರ?”

ಆ ಮಾತು ಅವನಿಗೇ ಹಿಡಿಸಿತ್ತು. ಗೆಳೆಯರ ಮುಂದೆ ಎಷ್ಟೋ ಸಲ ಹೇಳಿಕೊಂಡು ನಕ್ಕಿದ್ದ. ಅವಳು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋಗಿದ್ದಳು. ಆಮೇಲೆ ಅವಳು ಏನನ್ನಾದರೂ ಕೇಳಿದ್ದು ಅವನಿಗೆ ನೆನಪಿಲ್ಲ. ಮಕ್ಕಳಾಗಲಿಲ್ಲ ಎಂದು ಯಾವ ದೇವರಿಗೂ ಹೋಗೋಣ ಅನ್ನಲಿಲ್ಲ. ಅವನು ಎಂದೂ ಅವಳ ಮೇಲೆ ಕೈ ಎತ್ತಲಿಲ್ಲ, ಅವಳು ಎಂದೂ ದನಿ ಎತ್ತಲಿಲ್ಲ. ನೆಮ್ಮದಿಯ ಸಂಸಾರ ಎಂದು ಊರು ಅನ್ನುತ್ತಿತ್ತು. ಅವನೂ ಹಾಗೇ ಅಂದುಕೊಂಡಿದ್ದ.

*

ಕಾಲುವೆಯಾಚೆಯ ರುದ್ರಭೂಮಿಯಲ್ಲಿ ಸಮಾಧಿ ಬೇಗ ಮುಗಿಯಿತು. ಕುಣಿಯೊಳಗೆ ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಸುತ್ತ ಉಪ್ಪು, ವಿಭೂತಿ, ಪತ್ರಿ ತುಂಬಿದರು. ಕೊಟ್ರಯ್ಯ ಮೊದಲ ಮಣ್ಣು ಹಾಕಿದ. ಸೇತುವೆಯ ಬಳಿ ನಿಂತಿದ್ದ ಹೆಂಗಸರು ಬಂದು ಒಬ್ಬೊಬ್ಬರಾಗಿ ಒಂದು ಹಿಡಿ ಹಾಕಿದರು. ಮಣ್ಣು ಹಾಕುವ ಮೊದಲು ಪ್ರತಿಯೊಬ್ಬಳೂ ಅದನ್ನು ಹಣೆಗೆ ಮುಟ್ಟಿಸಿಕೊಂಡಳು. ಗರಡಿಗೆ ಇಳಿಯುವವರು ಮಾಡುವ ಹಾಗೆ.

ಸಂಜೆಗೆ ದೀಪ ನೋಡಿ ಎಲ್ಲರೂ ಹೋದರು. ಸಂಡೂರಿಗೆ ಕತ್ತಲಾಗುತ್ತದೆಂದು ಹಂಪೇಶ್ ಹೊರಟ. ಎರ್ರಿಯಪ್ಪ ಜಗಲಿಯ ಮೇಲೆ ಮಲಗಿದವನು ಹಾಗೇ ನಿದ್ದೆಹೋದ. ದ್ಯಾಮಕ್ಕ ಅನ್ನ ಸಾರು ತಂದಳು. ಬೆಳಿಗ್ಗೆ ಎತ್ತಿ ಕೂರಿಸಿದ ಹುಡುಗಿ ಅವಳ ಜೊತೆಗಿದ್ದಳು. ಹೆಸರು ಐಶ್ವರ್ಯ, ಹಂಪಿ ರಸ್ತೆಯ ಒಂದು ಹೋಟೆಲಿನಲ್ಲಿ ಕೆಲಸ, ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಬರುತ್ತಾಳೆ ಎಂದು ದ್ಯಾಮಕ್ಕ ಹೇಳಿದಳು.

ಕೊಟ್ರಯ್ಯ ತುತ್ತು ಕಲಸಿಕೊಂಡು ಹಾಗೇ ಕೂತಿದ್ದ.

“ನನ್ನ ಬಗ್ಗೆ ಏನರ ಅಂತಿದ್ಲೇನು?”

ದ್ಯಾಮಕ್ಕ ಸುಳ್ಳು ಹೇಳಬಹುದಿತ್ತು.

“ನಿಮ್ಮ ಮಾತು ಬರ್ತಿದ್ದಿಲ್ರಿ ವಸ್ತಾದ್ರ.”

“ಬೈತಿದ್ದಿಲ್ಲಾ?”

“ಇಲ್ರಿ. ಬೈಯಾದೂ ಇಲ್ಲ, ಹೊಗಳಾದೂ ಇಲ್ಲ.”

ಅವನು ತಟ್ಟೆ ಪಕ್ಕಕ್ಕಿಟ್ಟು ಕೈ ತೊಳೆದ. ತೊಳೆದ ಕೈ ಒರೆಸಿಕೊಳ್ಳುತ್ತ ಬಂದು ಹುಡುಗಿಯ ಎದುರು ನಿಂತ.

“ಒಂದ್ ತೋರ್ಸವ್ವ. ಆಕಿ ಕಲಿಸಿದ್ದು.”

ಐಶ್ವರ್ಯ ದ್ಯಾಮಕ್ಕನ ಕಡೆ ನೋಡಿದಳು. ಆಮೇಲೆ ಬಲಗೈ ಚಾಚಿದಳು. ಕೊಟ್ರಯ್ಯ ಮಣಿಕಟ್ಟು ಹಿಡಿದ.

“ಹಂಗಲ್ಲ ತಾತ. ಖರೇನ ಹಿಡೀರಿ.”

ಅವನು ಬಿಗಿದ. ವಯಸ್ಸಾಗಿದ್ದರೂ ಆ ಹಿಡಿತದಿಂದ ಜಾರಿದವರು ಸುತ್ತಲ ಸೀಮೆಯಲ್ಲಿ ಕಡಿಮೆ. ಹುಡುಗಿ ಜಗ್ಗಲಿಲ್ಲ. ಬದಲಿಗೆ ಅವನತ್ತಲೇ ಒಂದು ಹೆಜ್ಜೆ ಬಂದಳು, ಅಷ್ಟು ಹತ್ತಿರ ಬಂದಳೆಂದರೆ ಅವನೇ ಅರೆಗಳಿಗೆ ಹಿಂಜರಿದ. ಅವಳ ಮೊಣಕೈ ಮಡಚಿತು, ಮಣಿಕಟ್ಟು ಅವನ ಹೆಬ್ಬೆರಳಿನ ಕಡೆಗೆ ಹೊರಳಿತು. ಹೆಬ್ಬೆರಳು ತಾನಾಗಿ ಬಿಚ್ಚಿಕೊಂಡಿತು. ಏನಾಯಿತೆಂದು ತಿಳಿಯುವಷ್ಟರಲ್ಲಿ ಅವಳು ಪಡಸಾಲೆ, ಹೊಸ್ತಿಲು, ಕಟ್ಟೆ ದಾಟಿ ಓಣಿಗೆ ಇಳಿದಿದ್ದಳು. ಅಲ್ಲಿ ಕಂಬದ ದೀಪದ ಕೆಳಗೆ, ಮನೆಗೆ ಬೆನ್ನು ಮಾಡಿ ನಿಂತಳು.

“ಹಿಂದಕ್ಕ ತಿರುಗಿ ನೋಡಬಾರ್ದು ಅಂತ ಹೇಳಿಕೊಟ್ಟಾಳ್ರಿ ಅಕ್ಕ,” ಎಂದಳು ದ್ಯಾಮಕ್ಕ ಮೆಲ್ಲಗೆ.

ಕೊಟ್ರಯ್ಯ ತೆರೆದ ಬಾಗಿಲ ಕಡೆ ನೋಡುತ್ತಿದ್ದ. ಅವನ ಕೈ ಇನ್ನೂ ಮುಂದಕ್ಕೆ ಚಾಚಿಯೇ ಇತ್ತು. ಬೆರಳುಗಳು ಒಂದು ಮಣಿಕಟ್ಟಿನಷ್ಟು ಜಾಗ ಬಿಟ್ಟು ಬಿಗಿದುಕೊಂಡಿದ್ದವು.